ದಂತಕಾಷ್ಠವೂ ತಾಂಬೂಲವೂ

ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯವು ಮನುಷ್ಯನು ಪ್ರತಿದಿನವೂ ತನ್ನ ಶರೀರಕ್ಕೆ ಮಾಡಿಕೊಳ್ಳಬೇಕಾದ ಉಪಚಾರಗಳನ್ನು ಹೇಳಲು ಹೊರಟದ್ದು. ಉಣ್ಣುವ ಅನ್ನದ ಪ್ರಮಾಣದಿಂದ ಮೊದಲುಗೊಂಡು, ಕಣ್ಣಿಗೆ ಅಂಜನ, ಮೂಗಿಗೆ ನಸ್ಯ, ಮೈಗೆ ಅಭ್ಯಂಗ, ಕಾಲಿಗೆ ಪಾದರಕ್ಷೆ ಎಂದು ಅದು ಒಂದೊಂದನ್ನೇ ಸಾವಧಾನವಾಗಿ ವಿಧಿಸುತ್ತ ಹೋಗುತ್ತದೆ. ಆ ವಿಧಿಗಳ ನಡುವೆ, ಅವಸರದಿಂದ ಓದುವವನ ಕಣ್ಣಿಗೆ ಬೀಳದೆ ಹೋಗಬಹುದಾದ ಒಂದು ಶ್ಲೋಕವುಂಟು. ನಾಲಗೆಯ ಬುಡದಲ್ಲಿ ಸೇರಿಕೊಂಡ ಮಲವು ಉಚ್ಛ್ವಾಸಕ್ಕೆ ಅಡ್ಡಿಯಾಗುವುದಲ್ಲದೆ ಬಾಯಿಯ ದುರ್ಗಂಧಕ್ಕೂ ಕಾರಣವಾಗುವುದರಿಂದ ನಾಲಗೆಯನ್ನು ಹೆರೆಯತಕ್ಕದ್ದು ಎಂಬುದು ಅದರ ತಾತ್ಪರ್ಯ. ಹೆರೆಯುವ ಸಾಧನವು ಚಿನ್ನ, ಬೆಳ್ಳಿ, ತಾಮ್ರ, ತವರ, ಹಿತ್ತಾಳೆ ಇವುಗಳಲ್ಲಿ ಯಾವುದರದ್ದಾದರೂ ಆಗಬಹುದು. ಅದು ಬಾಗಿರಬೇಕು, ಅಂಚು ಹರಿತವಾಗಿರಕೂಡದು. ಇದಾದ ಬಳಿಕವೇ ಆಚಾರ್ಯನು ಬಾಯಲ್ಲಿ ಇಟ್ಟುಕೊಳ್ಳಬೇಕಾದ ಸುಗಂಧದ್ರವ್ಯಗಳ ಮಾತನ್ನೆತ್ತುತ್ತಾನೆ: ಜಾಯಿಕಾಯಿ, ಲತಾಕಸ್ತೂರಿ, ಅಡಿಕೆ, ಕಂಕೋಲ, ಲವಂಗ, ಏಲಕ್ಕಿ, ಕರ್ಪೂರ, ಎಳೆಯ ವೀಳ್ಯದೆಲೆ.

ಮೊದಲು ಶೋಧನ, ಅನಂತರ ವಾಸನ. ಮೊದಲು ಕೊಳೆಯನ್ನು ತೆಗೆಯುವುದು, ಅದಾದಮೇಲೆ ಪರಿಮಳವನ್ನು ಕೂಡಿಸುವುದು. ಬಾಯಿಯ ದುರ್ವಾಸನೆಯನ್ನು ಹೋಗಲಾಡಿಸುವ ವಿಷಯದಲ್ಲಿ ಈ ದೇಶದ ಹಿಂದಿನವರು ತಿಳಿದಿದ್ದುದೆಲ್ಲವೂ ಈ ಎರಡು ಮಾತುಗಳೊಳಗೆ ಅಡಗಿದೆ. ಆದರೆ ಮುಂದಿನ ಎರಡು ಸಾವಿರ ವರ್ಷಗಳಲ್ಲಿ ಇವೆರಡಕ್ಕೂ ದೊರೆತ ಗೌರವ ಒಂದೇ ತೆರನಾದುದಲ್ಲ. ಪರಿಮಳವು ಅರಮನೆಯನ್ನು ಹೊಕ್ಕಿತು, ಕಾವ್ಯದಲ್ಲಿ ವರ್ಣಿತವಾಯಿತು, ಶಾಸನಗಳಲ್ಲಿ ದತ್ತಿಯಾಯಿತು, ಸಮುದ್ರಗಳನ್ನು ದಾಟಿಸಿ ವರ್ತಕರನ್ನು ದ್ವೀಪಾಂತರಗಳಿಗೆ ಕಳುಹಿಸಿತು. ನಾಲಗೆಯನ್ನು ಹೆರೆಯುವ ಕಡ್ಡಿಯಾದರೋ ಹಿತ್ತಲ ಬಾವಿಕಟ್ಟೆಯ ಬಳಿಯಲ್ಲೇ ಉಳಿಯಿತು. ಅದನ್ನು ಕುರಿತು ಯಾವ ಕವಿಯೂ ಪದ್ಯ ಬರೆದಂತಿಲ್ಲ. ಈ ಅಸಮತೆಯ ಚರಿತ್ರೆಯನ್ನು ತಿಳಿಯುವುದು ಕೇವಲ ಕುತೂಹಲದ ವಿಷಯವಲ್ಲವೆಂದು ನನ್ನ ನಂಬಿಕೆ. ಏಕೆಂದರೆ ಅದರ ಫಲವನ್ನು ನಾವು ಇಂದಿಗೂ ನಮ್ಮ ಬಾಯಿಯಲ್ಲೇ ಹೊತ್ತುಕೊಂಡು ತಿರುಗುತ್ತಿದ್ದೇವೆ.

ಶೋಧನದ ಪಕ್ಷವನ್ನು ಅತ್ಯಂತ ನಿಷ್ಠೆಯಿಂದ ಹಿಡಿದವರು ಬೌದ್ಧಭಿಕ್ಷುಗಳು. ವಿನಯಪಿಟಕದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗವುಂಟು: ಭಿಕ್ಷುಗಳು ದಂತಕಾಷ್ಠವನ್ನು ಅಗಿಯದೆ ಇದ್ದುದರಿಂದ ಅವರ ಬಾಯಿ ನಾರತೊಡಗಿತು, ವಿಷಯವು ಭಗವಾನ್ ಬುದ್ಧನವರೆಗೂ ಹೋಯಿತು, ಆತನು ಕಡ್ಡಿಯನ್ನು ಅಗಿಯದಿರುವುದರಿಂದ ಆಗುವ ಐದು ಕೆಡುಕುಗಳನ್ನೂ ಅಗಿಯುವುದರಿಂದ ಆಗುವ ಐದು ಒಳಿತುಗಳನ್ನೂ ಎಣಿಸಿ ಹೇಳಿದನು. ಕಣ್ಣಿಗೆ ಹಿತ, ಬಾಯಿಗೆ ನಿರ್ಗಂಧತೆ, ರಸವನ್ನು ಗ್ರಹಿಸುವ ನಾಳಗಳ ಶುದ್ಧಿ, ಪಿತ್ತಶ್ಲೇಷ್ಮಗಳು ಅನ್ನವನ್ನು ಮುಸುಕದಿರುವುದು, ಅನ್ನದಲ್ಲಿ ರುಚಿ, ಇವೇ ಆ ಐದು ಒಳಿತುಗಳು. ಬಹು ಉದ್ದವಾದ ಕಡ್ಡಿಗಳನ್ನು ಇಟ್ಟುಕೊಳ್ಳತೊಡಗಿದವರಿಗಾಗಿ 8 ಅಂಗುಲದ ಮೇಲ್ಮಿತಿಯೂ, ಬಹು ಗಿಡ್ಡ ಕಡ್ಡಿಯಿಂದ ಅಪಾಯವಾಗದಂತೆ 4 ಅಂಗುಲದ ಕೆಳಮಿತಿಯೂ ಗೊತ್ತಾದುವು. ನಿರ್ವಾಣವನ್ನು ಅರಸಿ ಮನೆಬಿಟ್ಟವರ ನಿಯಮಾವಳಿಯಲ್ಲಿ ಬಾಯಿಯ ವಾಸನೆಗೆ ಇಷ್ಟು ಎಡೆ ದೊರೆತುದು ಏಕೆ? ಒಂದೇ ವಿಹಾರದಲ್ಲಿ ಹತ್ತಿರ ಹತ್ತಿರ ಕುಳಿತು ಪಠಿಸಿ, ಉಂಡು, ಮಲಗುವ ಜನಕ್ಕೆ ಒಬ್ಬನ ಉಸಿರು ಇನ್ನೊಬ್ಬನಿಗೆ ಹಿಂಸೆಯಾಗಬಾರದೆಂಬ ವಿವೇಕವೇ ಇದರ ಮೂಲವೆಂದು ತೋರುತ್ತದೆ. ಇಲ್ಲಿ ಸುಗಂಧದ ಸುದ್ದಿಯೇ ಇಲ್ಲ ಎಂಬುದನ್ನು ಗಮನಿಸಬೇಕು.

ಈ ನಿಯಮವು ಬರಿಯ ಗ್ರಂಥದಲ್ಲಿ ಉಳಿದುದಲ್ಲವೆಂಬುದಕ್ಕೆ ಚೀನಾ ದೇಶದ ಯಾತ್ರಿಕನಾದ ಇತ್ಸಿಂಗನೇ ಸಾಕ್ಷಿ. 671ರಲ್ಲಿ ಸ್ವದೇಶವನ್ನು ಬಿಟ್ಟು ಸಮುದ್ರಮಾರ್ಗವಾಗಿ ಬಂದು ನಾಲಂದೆಯಲ್ಲಿ ಅನೇಕ ವರ್ಷ ನಿಂತು ಅಧ್ಯಯನ ಮಾಡಿದ ಈ ಭಿಕ್ಷುವು, ತನ್ನ ವೃತ್ತಾಂತದಲ್ಲಿ ದಂತಕಾಷ್ಠಕ್ಕಾಗಿಯೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಬೆಳಗ್ಗೆ ಕಡ್ಡಿಯ ತುದಿಯನ್ನು ನಿಧಾನವಾಗಿ ಅಗಿದು ಮೆತ್ತಗೆ ಮಾಡಿ ಹಲ್ಲುಜ್ಜಬೇಕು, ಆಮೇಲೆ ಅದನ್ನೇ ಸೀಳಿ ಬಾಗಿಸಿ ನಾಲಗೆಯನ್ನು ಹೆರೆಯಬೇಕು, ಇದಾಗುವವರೆಗೆ ಯಾರಿಗೂ ವಂದಿಸಬಾರದು, ಯಾರಿಂದಲೂ ವಂದಿಸಿಕೊಳ್ಳಬಾರದು ಎಂದು ಅವನು ಬರೆಯುತ್ತಾನೆ. ಊಟವಾದ ಮೇಲೆ ಬಾಯಿ ಮುಕ್ಕಳಿಸದವನು ಅಶುಚಿ ಎಂಬ ಭಾರತೀಯರ ಆಚಾರವೂ ಅವನ ಮೆಚ್ಚುಗೆಗೆ ಪಾತ್ರವಾಗಿದೆ. ಈ ದೇಶದಲ್ಲಿ ಹಲ್ಲುನೋವು ವಿರಳವೆಂದೂ, ಅದಕ್ಕೆ ಈ ಕಡ್ಡಿಯೇ ಕಾರಣವೆಂದೂ ಅವನ ಅಭಿಪ್ರಾಯ. ಹೊರಗಿನಿಂದ ಬಂದವನ ಕಣ್ಣಿಗೆ ನಮ್ಮ ನಿತ್ಯದ ಚಿಕ್ಕ ಕೆಲಸವು ಒಂದು ಪ್ರಕರಣಕ್ಕೆ ತಕ್ಕ ವಿಷಯವಾಗಿ ಕಂಡಿತು. ನಮ್ಮವರು ಅದನ್ನು ಒಂದೆರಡು ಶ್ಲೋಕದಲ್ಲಿ ಹೇಳಿ ಮುಂದೆ ಹೋದರು.

ವೈದ್ಯರಾದರೂ ಆ ಒಂದೆರಡು ಶ್ಲೋಕಗಳಲ್ಲಿ ಹೇಳಬೇಕಾದುದನ್ನು ಬಿಟ್ಟವರಲ್ಲ. ಕಹಿ, ಒಗರು, ಕಾರ ರಸಗಳುಳ್ಳ ಕಡ್ಡಿಯ ತುದಿಯನ್ನು ಜಜ್ಜಿ ದಿನಕ್ಕೆ ಎರಡು ಸಲ ಉಪಯೋಗಿಸಬೇಕೆಂಬುದು ಚರಕನ ಮತ. ಸುಶ್ರುತನು ಕಡ್ಡಿಯ ಉದ್ದ 12 ಅಂಗುಲ, ದಪ್ಪ ಕಿರುಬೆರಳಿನಷ್ಟು ಎಂದು ಅಳತೆ ಹಾಕಿ, ಕಹಿಯಲ್ಲಿ ಬೇವು, ಒಗರಿನಲ್ಲಿ ಕಗ್ಗಲಿ, ಸಿಹಿಯಲ್ಲಿ ಹಿಪ್ಪೆ, ಕಾರದಲ್ಲಿ ಹೊಂಗೆ ಶ್ರೇಷ್ಠವೆಂದು ಮರಗಳನ್ನೇ ವಿಂಗಡಿಸಿದನು. ಜೇನು, ತ್ರಿಕಟು, ಎಣ್ಣೆ, ಸೈಂಧವ ಲವಣ ಇವುಗಳನ್ನು ಕೂಡಿಸಿ ಹಲ್ಲಿಗೆ ತಿಕ್ಕಬೇಕೆಂದೂ ಅವನು ಹೇಳುತ್ತಾನೆ. ವಾಗ್ಭಟನ ಮಾತು ಇವರೆಲ್ಲರಿಗಿಂತ ತೀಕ್ಷ್ಣವಾದುದು. ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಮುಖರೋಗಗಳನ್ನು ಎಣಿಸುವಾಗ ಅವನು ಬಾಯಿಯ ದುರ್ಗಂಧವನ್ನು ಪೂತ್ಯಾಸ್ಯತೆ ಎಂಬ ಹೆಸರಿನ ಪ್ರತ್ಯೇಕ ರೋಗವಾಗಿ ನಿಲ್ಲಿಸಿ, ಅದು ದಂತಕಾಷ್ಠಾದಿಗಳನ್ನು ದ್ವೇಷಿಸುವವನಿಗೆ ಬರುವುದೆಂದು ಕಾರಣವನ್ನೂ ಹೇಳಿಬಿಟ್ಟಿದ್ದಾನೆ. ರೋಗವು ದೈವದಿಂದಲ್ಲ, ಗ್ರಹಗತಿಯಿಂದಲ್ಲ, ಸೋಮಾರಿತನದಿಂದ ಎಂಬ ಈ ನೇರವಾದ ನಿರ್ಣಯದಲ್ಲಿ ವೈದ್ಯನೊಬ್ಬನ ಪ್ರಾಮಾಣಿಕತೆ ಎದ್ದು ಕಾಣುತ್ತದೆ.

ಧರ್ಮಶಾಸ್ತ್ರಕಾರರು ಈ ಕ್ರಿಯೆಗೆ ವ್ರತದ ರೂಪವನ್ನು ಕೊಟ್ಟರು. ಮರದಿಂದ ಕಡ್ಡಿಯನ್ನು ಮುರಿಯುವ ಮುನ್ನ ಆ ವನಸ್ಪತಿಯನ್ನು ಆಯುಸ್ಸು, ಬಲ, ಮೇಧೆಗಳಿಗಾಗಿ ಪ್ರಾರ್ಥಿಸುವ ಮಂತ್ರವುಂಟಾಯಿತು. ಅಮಾವಾಸ್ಯೆ, ಪಾಡ್ಯ, ಷಷ್ಠಿ, ನವಮಿ ಮೊದಲಾದ ತಿಥಿಗಳಲ್ಲಿಯೂ ಶ್ರಾದ್ಧೋಪವಾಸಗಳ ದಿನಗಳಲ್ಲಿಯೂ ಕಡ್ಡಿಯನ್ನು ಮುಟ್ಟಬಾರದೆಂಬ ನಿಷೇಧವೂ ಹುಟ್ಟಿತು. ಆದರೆ ಕಡ್ಡಿ ನಿಷಿದ್ಧವಾದ ದಿನವೂ ಬಾಯಿ ಅಶುದ್ಧವಾಗಿ ಉಳಿಯತಕ್ಕದ್ದಲ್ಲ. ಅಂದು 12 ಸಲ ನೀರು ಮುಕ್ಕಳಿಸಿದರೆ ಮುಖಶುದ್ಧಿಯಾಗುತ್ತದೆಂದು ಅವರೇ ವಿಧಿಸಿದರು. ಉಪವಾಸದ ದಿನ ಬಾಯಿ ಒಣಗಿ ಉಸಿರು ಕೆಡುವುದನ್ನು ಬಲ್ಲವರಿಗೆ ಈ ವಿಧಿಯ ಔಚಿತ್ಯ ತಾನಾಗಿ ತಿಳಿಯುವುದು.

ಕನ್ನಡನಾಡಿನ ಹಳ್ಳಿಗಳಲ್ಲಿ ಈ ಶಾಸ್ತ್ರವನ್ನು ಯಾರೂ ಓದಿಕೊಂಡು ಆಚರಿಸಿದವರಲ್ಲ. ಬಯಲುಸೀಮೆಯಲ್ಲಿ ಬೇವು, ಜಾಲಿ, ಹೊಂಗೆಯ ಕಡ್ಡಿ. ಎಲ್ಲೆಡೆ ಬೇಲಿಯಲ್ಲಿ ಬೆಳೆಯುವ ಉತ್ತರಾಣಿಯ ಕಡ್ಡಿ. ಕರಾವಳಿಯಲ್ಲಿ ಮಡಿಸಿ ತಿಕ್ಕುವ ಮಾವಿನ ಎಲೆ, ಆಮೇಲೆ ಆ ಎಲೆಯ ನಡುನರವನ್ನೇ ಸೀಳಿ ನಾಲಗೆ ಹೆರೆಯುವುದು. ಒಲೆಯ ಇದ್ದಿಲು, ಉಪ್ಪು. ಮುಸಲ್ಮಾನರಲ್ಲಿ ಪೀಲು ಮರದ ಬೇರಿನ ಮಿಸ್ವಾಕು ಪ್ರವಾದಿಗಳ ಆದರ್ಶವೆಂಬ ಭಕ್ತಿಯಿಂದ ನಮಾಜಿನ ಮುನ್ನ ಬಳಕೆಯಾಗುತ್ತ ಬಂದಿದೆ. ಹೀಗೆ ಜಾತಿಮತಗಳ ಭೇದವಿಲ್ಲದೆ, ಖರ್ಚಿಲ್ಲದೆ, ಕಡ್ಡಿ ಮುರಿದು ಎಸೆದರೆ ಮುಗಿಯಿತೆಂಬಂತೆ ನಡೆದುಬಂದ ಈ ಕ್ರಿಯೆಗೆ ಚರಿತ್ರೆಯೇ ಇಲ್ಲವೆಂದು ತೋರಿದರೆ ಆಶ್ಚರ್ಯವಿಲ್ಲ. ಎಸೆದ ಕಡ್ಡಿಯನ್ನು ಯಾವ ಶಾಸನವೂ ದಾಖಲಿಸುವುದಿಲ್ಲ.

ಪರಿಮಳದ ಚರಿತ್ರೆಯಾದರೋ ವಿಪುಲವಾದುದು. ವೇದಗಳ ಕಾಲಕ್ಕೆ ತಾಂಬೂಲವು ಇನ್ನೂ ಬಂದಿರಲಿಲ್ಲ. ಆಗ್ನೇಯ ದ್ವೀಪಗಳ ಕಡೆಯಿಂದ ಬಂದ ಈ ಎಲೆ ಮತ್ತು ಕಾಯಿ ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ನಮ್ಮ ಗ್ರಂಥಗಳೊಳಗೆ ಕಾಣಿಸಿಕೊಂಡು, ಬಹುಬೇಗ ನಾಗರಿಕ ಜೀವನದ ಲಕ್ಷಣವೇ ಆಗಿಬಿಟ್ಟಿತು. ಮಂದಸೋರಿನ ರೇಷ್ಮೆ ನೇಕಾರರು 473ರಲ್ಲಿ ಹಾಕಿಸಿದ ಶಾಸನದಲ್ಲಿ ಸ್ತ್ರೀಯರ ಅಲಂಕಾರವನ್ನು ಹೇಳುವಾಗ ಹೂವಿನ ಜೊತೆಗೆ ತಾಂಬೂಲವೂ ಸೇರಿದೆ. ವಾತ್ಸ್ಯಾಯನನು ಕಾಮಸೂತ್ರದಲ್ಲಿ ನಾಗರಕನ ಶಯನಗೃಹವನ್ನು ವರ್ಣಿಸುವಾಗ ಹಾಸಿಗೆಯ ಬಳಿ ಇರಬೇಕಾದ ವಸ್ತುಗಳಲ್ಲಿ ಮಾದಲದ ಹಣ್ಣಿನ ಸಿಪ್ಪೆಯನ್ನೂ ತಾಂಬೂಲವನ್ನೂ ಹೆಸರಿಸುತ್ತಾನೆ. ಅದಾದ ಸುಮಾರು ಒಂದು ಸಾವಿರ ವರ್ಷದ ತರುವಾಯ, 14ನೆಯ ಶತಮಾನದಲ್ಲಿ, ನಮ್ಮ ಹೊನ್ನಾವರ ಮಂಗಳೂರುಗಳನ್ನೂ ನೋಡಿಹೋದ ಮೊರೊಕ್ಕೊದ ಯಾತ್ರಿಕ ಇಬ್ನ್ ಬತೂತನು ವೀಳ್ಯದೆಲೆಯು ಉಸಿರನ್ನು ಸುಗಂಧಗೊಳಿಸಿ ಅನ್ನವನ್ನು ಜೀರ್ಣಗೊಳಿಸುವುದೆಂದು ಹೊಗಳಿ, ಜನರು ರಾತ್ರಿ ಅದನ್ನು ತಲೆದೆಸೆಯಲ್ಲಿಟ್ಟುಕೊಂಡು ಎಚ್ಚರವಾದಾಗ ಬಾಯಿಯ ದುರ್ವಾಸನೆ ಹೋಗುವಂತೆ ಅಗಿಯುತ್ತಾರೆಂದು ಬರೆಯುತ್ತಾನೆ. ನಿದ್ರೆಯಲ್ಲಿ ಲಾಲಾರಸ ಕಡಿಮೆಯಾಗಿ ಬಾಯಿ ಒಣಗುವುದರಿಂದಲೇ ಉಸಿರು ಕೆಡುವುದೆಂಬ ಕಾರಣವನ್ನು ನಾಗರಕನೂ ತಿಳಿದಿರಲಿಲ್ಲ, ಬತೂತನೂ ತಿಳಿದಿರಲಿಲ್ಲ. ಆದರೆ ಎಲೆಯನ್ನು ಅಗಿದರೆ ಬಾಯಲ್ಲಿ ನೀರೂರುತ್ತದೆ, ನೀರೂರಿದರೆ ವಾಸನೆ ತಗ್ಗುತ್ತದೆ ಎಂಬ ಅನುಭವ ಇಬ್ಬರ ಕಾಲದ ಜನಕ್ಕೂ ಇತ್ತು.

ತಾಂಬೂಲವನ್ನು ಕುರಿತು ಹೇಳಿದವರೊಳಗೆಲ್ಲ ನನಗೆ ವರಾಹಮಿಹಿರನ ಮೇಲೆ ವಿಶೇಷವಾದ ಗೌರವ. 6ನೆಯ ಶತಮಾನದ ಈ ಜ್ಯೋತಿಷಿಯು ಬೃಹತ್ಸಂಹಿತೆಯಲ್ಲಿ ನಕ್ಷತ್ರಗಳ ಗತಿಯನ್ನು ವಿಚಾರಿಸಿದಷ್ಟೇ ಶ್ರದ್ಧೆಯಿಂದ ಬಾಯಿಯ ಪರಿಮಳವನ್ನೂ ವಿಚಾರಿಸಿದ್ದಾನೆ. ದಂತಕಾಷ್ಠವನ್ನು ಅಳಲೆಕಾಯಿಯ ಪುಡಿ ಬೆರೆಸಿದ ಗೋಮೂತ್ರದಲ್ಲಿ ಒಂದು ವಾರ ನೆನೆಯಿಟ್ಟು, ಆಮೇಲೆ ಸುಗಂಧಜಲದಲ್ಲಿ ಹಾಕಿ ವಾಸನೆಗೂಡಿಸುವ ವಿಧಾನವನ್ನು ಅವನು ಹೇಳುತ್ತಾನೆ. ಅಂದರೆ ಶೋಧನದ ಸಾಧನದೊಳಕ್ಕೇ ವಾಸನವನ್ನು ತುಂಬುವ ಯತ್ನ. ತಾಂಬೂಲದಲ್ಲಿ ಸುಣ್ಣವು ಹದವಾಗಿ ಬಿದ್ದರೆ ಕೆಂಪೇರುತ್ತದೆ, ಅಡಿಕೆ ಹೆಚ್ಚಾದರೆ ಆ ಕೆಂಪು ಕುಂದುತ್ತದೆ, ಸುಣ್ಣ ಹೆಚ್ಚಾದರೆ ಬಾಯಿಗೆ ದುರ್ಗಂಧ ಬರುತ್ತದೆ, ಎಲೆ ಹೆಚ್ಚಾದರೆ ಸುಗಂಧ ಉಂಟಾಗುತ್ತದೆ ಎಂಬುದು ಅವನ ಲೆಕ್ಕ. ರಾತ್ರಿ ಎಲೆಯೂ ಹಗಲು ಅಡಿಕೆಯೂ ಅಧಿಕವಾಗಿರಬೇಕೆಂದು ಮುಂದುವರಿಸುತ್ತಾನೆ. ದುರ್ಗಂಧವನ್ನು ನೀಗಲೆಂದು ಹಾಕಿಕೊಳ್ಳುವ ವಸ್ತುವೇ ಹದ ತಪ್ಪಿದರೆ ದುರ್ಗಂಧಕ್ಕೆ ಕಾರಣವಾಗುವುದೆಂಬ ಈ ಎಚ್ಚರಿಕೆಯನ್ನು ಮುಂದಿನವರು ಮರೆತರು.

ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬರುವ ವೇಳೆಗೆ ಕನ್ನಡನಾಡಿನಲ್ಲಿ ಸುಗಂಧವಿದ್ಯೆಯು ಶಾಸ್ತ್ರದ ಪದವಿಗೇರಿತ್ತು. ಜಯಸಿಂಹನ ಆಶ್ರಿತನಾದ ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ಕನ್ನಡದಲ್ಲಿಯೇ ರಚಿಸಿದ ಲೋಕೋಪಕಾರವೆಂಬ ಗ್ರಂಥದಲ್ಲಿ ಅಡುಗೆ, ವೈದ್ಯ, ವೃಕ್ಷಾಯುರ್ವೇದಗಳ ಜೊತೆಗೆ ಸುಗಂಧದ್ರವ್ಯಗಳ ತಯಾರಿಕೆಗೂ ಒಂದು ಸ್ಥಾನವಿದೆ. ನೂರು ವರ್ಷಗಳ ಬಳಿಕ ಅದೇ ವಂಶದ ಮೂರನೆಯ ಸೋಮೇಶ್ವರನು, ಭೂಲೋಕಮಲ್ಲನೆಂಬ ಬಿರುದಾಂಕಿತನು, ಅಭಿಲಷಿತಾರ್ಥಚಿಂತಾಮಣಿ ಎಂಬ ಇನ್ನೊಂದು ಹೆಸರುಳ್ಳ ಮಾನಸೋಲ್ಲಾಸವನ್ನು ಬರೆದನು. ನೂರು ಅಧ್ಯಾಯಗಳ ಈ ಮಹಾಗ್ರಂಥದಲ್ಲಿ ಅರಸನ ಉಪಭೋಗಗಳಿಗಾಗಿ ಇಪ್ಪತ್ತು ಅಧ್ಯಾಯಗಳು ಮೀಸಲು. ಮನೆ, ಸ್ನಾನ, ಪಾದುಕೆ ಇವುಗಳಾದ ಕೂಡಲೇ ಬರುವುದು ತಾಂಬೂಲಭೋಗ. ವಸ್ತ್ರಕ್ಕಿಂತಲೂ, ಆಭರಣಕ್ಕಿಂತಲೂ ಮೊದಲು ತಾಂಬೂಲ. ಕ್ರಮವನ್ನು ಹೀಗೆ ಇಟ್ಟವನು ಸ್ವತಃ ಅರಸನಾದ್ದರಿಂದ, ಸಭೆಗೆ ಹೊರಡುವ ಮುನ್ನ ಬಾಯಿಯ ಸೌರಭ ಸಿದ್ಧವಾಗಿರಬೇಕೆಂಬುದು ಅವನ ಅರಮನೆಯ ಅನುಭವವೇ ಇರಬೇಕು.

ಈ ಸೌರಭದ ಸಾಮಗ್ರಿಗಳು ಎಲ್ಲಿಂದ ಬರುತ್ತಿದ್ದುವೆಂಬುದನ್ನು ಆಲೋಚಿಸಿದರೆ, ಒಬ್ಬ ಮನುಷ್ಯನ ಬಾಯೊಳಗಿನ ಬೀಡದ ಹಿಂದೆ ಎಷ್ಟು ದೊಡ್ಡ ಲೋಕವಿತ್ತೆಂಬುದು ಕಾಣುತ್ತದೆ. ಎಲೆ ಅಡಿಕೆಗಳು ನಮ್ಮ ತೋಟಗಳವು, ಏಲಕ್ಕಿ ನಮ್ಮ ಮಲೆನಾಡಿನದು. ಆದರೆ ಲವಂಗವು ಪೂರ್ವಸಮುದ್ರದ ಮೊಲುಕ್ಕಾ ದ್ವೀಪಗಳಲ್ಲಿ ಮಾತ್ರ ಬೆಳೆಯುತ್ತಿತ್ತು; ಜಾಯಿಕಾಯಿ ಮತ್ತು ಜಾಪತ್ರೆ ಬಾಂಡಾ ದ್ವೀಪಗಳವು; ತಾಂಬೂಲಕ್ಕೆ ಸಲ್ಲುವ ಅತ್ಯುತ್ತಮವಾದ ಪಚ್ಚಕರ್ಪೂರವು ಸುಮಾತ್ರಾದ ಬಾರುಸ್ ಎಂಬ ರೇವಿನ ಹಿಂದಿನ ಕಾಡುಗಳಲ್ಲಿ ಮಹಾವೃಕ್ಷಗಳನ್ನು ಸೀಳಿ ಹರಳು ಹರಳಾಗಿ ಆಯ್ದು ತರಬೇಕಾದುದು. ಆ ಬಾರುಸಿನ ಬಳಿಯ ಲೋಬು ತುವಾ ಎಂಬಲ್ಲಿ 1088ರ ಒಂದು ತಮಿಳು ಶಾಸನ ದೊರೆತಿದೆ. ಅದನ್ನು ಹಾಕಿಸಿದವರು ಐನೂರ್ವರೆಂಬ ವರ್ತಕಸಂಘದವರು. ಈ ಐನೂರ್ವರು ತಮ್ಮ ಮೂಲಸ್ಥಾನವೆಂದು ಹೇಳಿಕೊಳ್ಳುತ್ತಿದ್ದುದು ಮಲಪ್ರಭೆಯ ದಡದ ಅಯ್ಯಾವೊಳೆಯನ್ನು, ಇಂದಿನ ಐಹೊಳೆಯನ್ನು. ಏಲಕ್ಕಿ, ಲವಂಗ, ಚಂದನ, ಕರ್ಪೂರ, ಕಸ್ತೂರಿಗಳ ವ್ಯಾಪಾರಿಗಳೆಂದು ಕನ್ನಡ ಶಾಸನಗಳು ಅವರನ್ನು ಹೊಗಳುತ್ತವೆ. ಇಂದು ಗುಡಿಗಳನ್ನು ನೋಡಲು ಐಹೊಳೆಗೆ ಹೋಗುವವರು ಕಲ್ಲಿನ ಶಿಲ್ಪವನ್ನು ನೆನೆಯುವರೇ ಹೊರತು, ಆ ಊರಿನ ಹೆಸರು ಕರ್ಪೂರದ ಗಂಧದೊಡನೆ ಸುಮಾತ್ರಾದವರೆಗೂ ಹೋಗಿತ್ತೆಂಬುದನ್ನು ನೆನೆಯುವುದಿಲ್ಲ. ವೈದ್ಯರು ಪಂಚಸುಗಂಧಿಕವೆಂದು ಕರೆದ ಕರ್ಪೂರ, ಕಂಕೋಲ, ಲವಂಗ, ಜಾಯಿಕಾಯಿ, ಅಡಿಕೆ ಎಂಬ ಐದರಲ್ಲಿ ಬಹುಪಾಲು ಹಡಗಿನಲ್ಲಿ ಬಂದುವು. ಹಿತ್ತಲ ಬೇವಿಗೆ ಈ ಪ್ರತಿಷ್ಠೆ ಎಲ್ಲಿಂದ ಬರಬೇಕು?

ಬೆಲೆಯುಳ್ಳ ವಸ್ತುವಿಗೆ ಅದನ್ನು ಹೊರುವವನೂ ಬೇಕಾಯಿತು. ಬಾಣನ ಕಾದಂಬರಿಯಲ್ಲಿ ಪತ್ರಲೇಖೆಯು ಯುವರಾಜ ಚಂದ್ರಾಪೀಡನ ತಾಂಬೂಲಕರಂಕವನ್ನು ಹಿಡಿಯುವವಳು. ಅವನ ಗುಟ್ಟುಗಳನ್ನೆಲ್ಲ ಬಲ್ಲವಳೂ ಅವಳೇ. ಕನ್ನಡನಾಡಿನಲ್ಲಿ ತಾಂಬೂಲದ ಚೀಲಕ್ಕೆ ಹಡಪವೆಂದು ಹೆಸರು. ಅದನ್ನು ಹಿಡಿಯುವುದು ಅರಸರ ಬಳಿ ವಿಶ್ವಾಸದ ಉದ್ಯೋಗ, ಏಕೆಂದರೆ ಒಡೆಯನ ಬಾಯಿಗೆ ನೇರವಾಗಿ ಹೋಗುವ ವಸ್ತುವಿನಲ್ಲಿ ವಿಷ ಬೆರೆಯದಂತೆ ಕಾಯುವ ಹೊಣೆಯೂ ಅದರೊಳಗೆ ಸೇರಿತ್ತು. 12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಸಮೀಪವರ್ತಿಯಾಗಿದ್ದ ಶರಣ ಅಪ್ಪಣ್ಣನು ಹಡಪದ ಅಪ್ಪಣ್ಣನೆಂದೇ ಪ್ರಸಿದ್ಧನಾದನು; ಅವನ ಕಾಯಕವು ಅವನ ಹೆಸರೇ ಆಗಿ ನಿಂತಿತು. ಅವನೂ ಅವನ ಸತಿ ಲಿಂಗಮ್ಮನೂ ವಚನಕಾರರು. ಸೇವೆಯ ಈ ಸಣ್ಣ ಚೀಲವನ್ನು ಅನುಭಾವದ ಎತ್ತರಕ್ಕೆ ಏರಿಸಿದ ಆ ದಂಪತಿಗಳನ್ನು ನೆನೆಯದೆ ತಾಂಬೂಲದ ಚರಿತ್ರೆಯನ್ನು ಹೇಳುವುದು ಕನ್ನಡಿಗನಿಗೆ ಸಾಧ್ಯವಿಲ್ಲ.

ವಿಜಯನಗರದಲ್ಲಿ ತಾಂಬೂಲದ ವೈಭವವು ತುತ್ತತುದಿಯನ್ನು ಮುಟ್ಟಿತು. 1443ರಲ್ಲಿ ಪಾರಸಿಕ ದೊರೆ ಶಾರೂಖನ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನಿಗೆ ಇಮ್ಮಡಿ ದೇವರಾಯನು ಕೊಡಿಸಿದ ಮರ್ಯಾದೆಯಲ್ಲಿ ವೀಳ್ಯದ ಕಟ್ಟುಗಳು, ಐನೂರು ಪಣಗಳ ಚೀಲ, ಕರ್ಪೂರ ಇವು ಸೇರಿದ್ದುವು. ಹಣದ ಪಕ್ಕದಲ್ಲಿ ವೀಳ್ಯವನ್ನಿಟ್ಟು ಕೊಡುವ ಈ ಪದ್ಧತಿಯನ್ನು ಅವನು ಬೆರಗಿನಿಂದ ವರ್ಣಿಸಿ, ಆ ಎಲೆಯ ಗುಣಗಳನ್ನು ವಿಸ್ತಾರವಾಗಿ ಹೊಗಳಿದ್ದಾನೆ. ಇಷ್ಟು ಹೊತ್ತಿಗೆ ತಾಂಬೂಲವು ಬಾಯಿಯ ವಾಸನೆಗೆ ಮಾಡುವ ಪರಿಹಾರವೆಂಬುದು ಹಿಂದೆ ಸರಿದು, ಮರ್ಯಾದೆಯ ಮುದ್ರೆ ಎಂಬುದೇ ಮುಖ್ಯವಾಗಿಬಿಟ್ಟಿತ್ತು.

ಮರ್ಯಾದೆ ಇರುವಲ್ಲಿ ಅದರಿಂದ ಹೊರಗುಳಿದವರೂ ಇರುತ್ತಾರೆ. ಧರ್ಮಶಾಸ್ತ್ರವು ಯತಿಗೂ ಬ್ರಹ್ಮಚಾರಿಗೂ ತಾಂಬೂಲವನ್ನು ನಿಷೇಧಿಸಿತು. ಅವರು ತಾವಾಗಿ ಭೋಗವನ್ನು ಬಿಟ್ಟವರಾದ್ದರಿಂದ ಅದರಲ್ಲಿ ಅನ್ಯಾಯವೇನೂ ಕಾಣುವುದಿಲ್ಲ. ಆದರೆ ಅದೇ ಸಾಲಿನಲ್ಲಿ ವಿಧವೆಯನ್ನೂ ನಿಲ್ಲಿಸಿತು. ಗಂಡನನ್ನು ಕಳೆದುಕೊಂಡ ಹೆಣ್ಣಿಗೆ ಅರಿಶಿನ ಕುಂಕುಮಗಳ ಜೊತೆಗೆ ಎಲೆ ಅಡಿಕೆಯೂ ತಪ್ಪಿತು. ಮುತ್ತೈದೆಯರಿಗೆ ವೀಳ್ಯ ಹಂಚುವ ಹೊತ್ತಿನಲ್ಲಿ ಅವಳು ಒಳಕೋಣೆಯಲ್ಲಿ ಉಳಿದಳು. ಉಸಿರನ್ನು ಸುಗಂಧವಾಗಿಟ್ಟುಕೊಳ್ಳುವ ಒಂದು ಚಿಕ್ಕ ಸುಖವನ್ನೂ ಅವಳಿಂದ ಕಿತ್ತುಕೊಂಡ ಈ ಕಠೋರತೆಗೆ ಯಾವ ಸಮಾಧಾನವನ್ನೂ ಹೇಳಲು ನನಗೆ ಮನಸ್ಸು ಬಾರದು. ದೊಡ್ಡವರ ಮುಂದೆ ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಪದ್ಧತಿಯೂ ಇಂತಹುದೇ. ಇದು ನಮ್ಮ ದೇಶದ್ದು ಮಾತ್ರವಲ್ಲ. ಪರ್ಸಿಪೊಲಿಸಿನ ಉಬ್ಬುಶಿಲ್ಪದಲ್ಲಿ ಸಿಂಹಾಸನಸ್ಥನಾದ ಸಾಮ್ರಾಟನ ಎದುರು ನಿಂತ ಅಧಿಕಾರಿಯ ಕೈ ಬಾಯಿಯ ಮುಂದಿದೆ. ಚೀನಾದ ಹಾನ್ ಅರಸರ ಆಸ್ಥಾನದಲ್ಲಿ ಚಕ್ರವರ್ತಿಯೊಡನೆ ಮಾತಾಡುವ ಅಧಿಕಾರಿಗಳು ಲವಂಗವನ್ನು ಬಾಯಲ್ಲಿಟ್ಟುಕೊಳ್ಳಬೇಕಾಗಿತ್ತು. ಎಲ್ಲ ಕಡೆಯೂ ಕೆಳಗಿನವನ ಉಸಿರೇ ಅಪರಾಧಿ. ಭಿಕ್ಷುವಿಹಾರದಲ್ಲಿ ಸಮಾನರ ನಡುವೆ ಪರಸ್ಪರ ದಾಕ್ಷಿಣ್ಯವಾಗಿದ್ದ ಮುಖಶುದ್ಧಿಯು ಅರಮನೆಯ ಬಾಗಿಲಲ್ಲಿ ಹೀಗೆ ಅಧೀನತೆಯ ಗುರುತಾಯಿತು.

ತಾಂಬೂಲದೊಳಕ್ಕೆ ಹೊಗೆಸೊಪ್ಪು ಬಂದು ಸೇರಿದ್ದು ಈ ಕಥೆಯ ಅತ್ಯಂತ ದುಃಖಕರವಾದ ಅಧ್ಯಾಯ. ಪೋರ್ಚುಗೀಸರ ಮೂಲಕ ಪಶ್ಚಿಮ ಕರಾವಳಿಗೆ ಬಂದ ಈ ಅಮೆರಿಕದ ಸೊಪ್ಪು ಮೊದಲು ನೆಲೆಯೂರಿದ ಸ್ಥಳಗಳಲ್ಲಿ ನಮ್ಮ ಬಿಜಾಪುರವೂ ಒಂದು. 17ನೆಯ ಶತಮಾನದ ಆರಂಭದಲ್ಲಿ ಅಕ್ಬರನ ದೂತನಾಗಿ ಆದಿಲಶಾಹಿ ರಾಜಧಾನಿಗೆ ಬಂದಿದ್ದ ಅಸದ್ ಬೇಗನು, ತಾನು ಉತ್ತರದಲ್ಲಿ ಎಂದೂ ಕಾಣದಿದ್ದ ತಂಬಾಕನ್ನು ಅಲ್ಲಿ ಕಂಡು, ರತ್ನಖಚಿತವಾದ ನಳಿಗೆಯೊಡನೆ ಅದನ್ನು ಚಕ್ರವರ್ತಿಗೆ ಒಪ್ಪಿಸಿದ ವೃತ್ತಾಂತವನ್ನು ತಾನೇ ಬರೆದಿಟ್ಟಿದ್ದಾನೆ. ಧೂಮವಾಗಿ ಬಂದ ಸೊಪ್ಪು ಕಾಲಕ್ರಮದಲ್ಲಿ ಎಲೆ ಅಡಿಕೆಯ ಸಂಚಿಯೊಳಕ್ಕೆ ಇಳಿಯಿತು. ಸುಣ್ಣ ಹೆಚ್ಚಾದರೇ ದುರ್ಗಂಧವೆಂದ ವರಾಹಮಿಹಿರನು ಹೊಗೆಸೊಪ್ಪಿನ ಕವಳವನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ! ಸುವಾಸನೆಗೆಂದು ಹುಟ್ಟಿದ ಪದಾರ್ಥವು ಬಾಯಿಯನ್ನು ನಾರಿಸುವ, ಅಷ್ಟೇ ಅಲ್ಲ, ಪ್ರಾಣವನ್ನೇ ತೆಗೆಯುವ ಪದಾರ್ಥವಾಯಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1985ರಲ್ಲಿ ಹೊಗೆಸೊಪ್ಪು ಬೆರೆತ ತಾಂಬೂಲವು ಕ್ಯಾನ್ಸರ್ಕಾರಕವೆಂದು ನಿರ್ಣಯಿಸಿತು. 2004ರಲ್ಲಿ, ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ ಅಡಿಕೆಯನ್ನೂ ಅದೇ ವರ್ಗಕ್ಕೆ ಸೇರಿಸಿತು. ಎಳೆಯ ಪ್ರಾಯದ ಹುಡುಗರು ಗುಟ್ಕಾ ಜಗಿದು ಜಗಿದು ಒಳಗೆನ್ನೆ ಬಿಗಿದುಕೊಂಡು ಬಾಯಿ ತೆರೆಯಲಾರದೆ ಆಸ್ಪತ್ರೆಗಳಿಗೆ ಬರುವುದನ್ನು ಕಂಡ ಬಳಿಕ 2013ರಲ್ಲಿ ಕರ್ನಾಟಕ ಸರ್ಕಾರವು ಗುಟ್ಕಾವನ್ನು ನಿಷೇಧಿಸಿತು. ಚಟವು ಬೇರೆ ಬೇರೆ ಪೊಟ್ಟಣಗಳಲ್ಲಿ ಇಂದಿಗೂ ಉಳಿದಿದೆ.

ಶೋಧನದ ಕಡೆಯಲ್ಲಿ ಬದಲಾವಣೆ ಬಂದುದು ಬಹು ತಡವಾಗಿ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಪಟ್ಟಣ ಸೇರಿದವನಿಗೆ ಬೇವಿನ ಮರ ದೂರವಾಯಿತು, ಪುಡಿ ಹತ್ತಿರವಾಯಿತು. ಕಪಿಲಾತೀರದ ನಂಜನಗೂಡಿನಲ್ಲಿ, ರೋಗಹರನೆಂದು ಜನ ನಂಬಿದ ಶ್ರೀಕಂಠೇಶ್ವರನ ಸನ್ನಿಧಿಯ ಊರಿನಲ್ಲಿ, ಬಿ. ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು; ಭತ್ತದ ಹೊಟ್ಟನ್ನು ಸುಟ್ಟ ಬೂದಿಯನ್ನು ಮುಖ್ಯವಾಗಿ ಮಾಡಿಕೊಂಡು ಅಲ್ಲಿ ತಯಾರಾದ ನಂಜನಗೂಡು ಹಲ್ಲುಪುಡಿಯು ಹಳೆಯ ಮೈಸೂರು ಸೀಮೆಯ ಮನೆಮನೆಯ ಮಾತಾಯಿತು. ಹೊಲದ ತ್ಯಾಜ್ಯದಿಂದ ಬಾಯಿಯ ಶುದ್ಧಿ ಎಂಬ ಈ ಯುಕ್ತಿಯಲ್ಲಿ ಹಳ್ಳಿಯ ಇದ್ದಿಲಿನ ಬುದ್ಧಿಯೂ ವೈದ್ಯನ ಹದವೂ ಕೂಡಿವೆ.

ಅಷ್ಟರಲ್ಲಿ ಅಮೆರಿಕದಲ್ಲಿ ಸುಗಂಧವು ಮತ್ತೊಂದು ವೇಷದಲ್ಲಿ ಎದ್ದಿತ್ತು. ಜೋಸೆಫ್ ಲಾರೆನ್ಸ್ ಎಂಬ ವೈದ್ಯನು 1879ರಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ಕ್ರಿಮಿನಾಶವನ್ನು ತಂದ ಲಿಸ್ಟರನ ಹೆಸರಿನಿಂದ, ಲಿಸ್ಟರಿನ್ ಎಂಬ ದ್ರವವನ್ನು ತಯಾರಿಸಿದನು. ಗಾಯ ತೊಳೆಯಲು ಹುಟ್ಟಿದ ಆ ದ್ರವವು 1920ರ ದಶಕದಲ್ಲಿ ಬಾಯಿಯ ದುರ್ವಾಸನೆಯ ಔಷಧವೆಂದು ಪತ್ರಿಕೆಗಳ ಜಾಹೀರಾತುಗಳಲ್ಲಿ ಪ್ರಚಾರವಾಯಿತು: ನಿಮಗೆ ತಿಳಿಯದಂತೆಯೇ ನಿಮ್ಮ ಉಸಿರು ನಾರುತ್ತಿದೆ, ಸ್ನೇಹಿತರು ಹೇಳಲಾರರು, ವಿವಾಹವೂ ತಪ್ಪೀತು ಎಂಬ ಭೀತಿಯನ್ನು ಬಿತ್ತಿ ಬೆಳೆಸಿದ ವ್ಯಾಪಾರವದು. ವಾಗ್ಭಟನು ಸೋಮಾರಿಯನ್ನು ಗದರಿಸಿದ್ದನು. ಜಾಹೀರಾತು ನಿರ್ದೋಷಿಯನ್ನೂ ಹೆದರಿಸಿತು. ಕೋಲ್ಗೇಟ್ ಕಂಪೆನಿಯು 1937ರಲ್ಲಿ ಭಾರತದಲ್ಲಿ ನೆಲೆಯೂರಿದ ಮೇಲೆ ಪುದೀನದ ತಂಪೇ ಶುದ್ಧಿಯ ರುಜುವಾತೆಂಬ ಭಾವನೆ ನಮ್ಮ ಪಟ್ಟಣಗಳಲ್ಲಿಯೂ ಕ್ರಮೇಣ ಬೇರೂರಿತು. ಉಡುಪಿ ಹೋಟೆಲಿನ ಗಲ್ಲೆಯ ಮೇಲೆ ಸೋಂಪು ಸಕ್ಕರೆಯ ತಟ್ಟೆಯಿರುವುದು ಇದರ ನಿರುಪದ್ರವಿಯಾದ ರೂಪ. ಆದರೂ ಅದು ಮುಚ್ಚುವ ಕೆಲಸವನ್ನು ಮಾಡುತ್ತದೆಯೇ ಹೊರತು ತೆಗೆಯುವ ಕೆಲಸವನ್ನಲ್ಲ.

ದುರ್ಗಂಧದ ನಿಜವಾದ ಕಾರಣವನ್ನು ಪ್ರಯೋಗಶಾಲೆಯಲ್ಲಿ ಅಳೆದು ತೋರಿಸಿದ್ದು 1960ರ ಮತ್ತು 1970ರ ದಶಕಗಳಲ್ಲಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದ ಜೋಸೆಫ್ ಟಾನ್ಜೆಟಿಚ್ ಮೊದಲಾದವರು, ಬಾಯೊಳಗಿನ ಸೂಕ್ಷ್ಮಜೀವಿಗಳು ಅನ್ನದ ಕಣಗಳಲ್ಲಿಯೂ ಉದುರಿದ ಜೀವಕೋಶಗಳಲ್ಲಿಯೂ ಇರುವ ಪ್ರೋಟೀನುಗಳನ್ನು ಕೊಳೆಯಿಸಿದಾಗ ಹುಟ್ಟುವ ಹೈಡ್ರೋಜನ್ ಸಲ್ಫೈಡ್, ಮೀಥೈಲ್ ಮರ್ಕಾಪ್ಟನ್ ಎಂಬ ಗಂಧಕದ ಅನಿಲಗಳೇ ಈ ವಾಸನೆಯ ಮುಖ್ಯ ಮೂಲವೆಂದು ಕಂಡರು. ಆ ಜೀವಿಗಳಿಗೆ ಗಾಳಿ ಬೇಡ. ಆದ್ದರಿಂದ ಅವು ಒಸಡಿನ ಸಂದಿಗಳಲ್ಲಿಯೂ, ಒರಟಾದ ಮೇಲ್ಮೈಯುಳ್ಳ ನಾಲಗೆಯ ಹಿಂಭಾಗದಲ್ಲಿಯೂ ಮನೆ ಮಾಡಿಕೊಳ್ಳುತ್ತವೆ. ಹೊಟ್ಟೆಯಿಂದ ಬರುವ ವಾಸನೆ ಎಂದು ಜನ ಸಾಮಾನ್ಯವಾಗಿ ಭಾವಿಸುವುದರಲ್ಲಿ ಹೆಚ್ಚಿನ ಪಾಲು ನಾಲಗೆಯ ಬುಡದ್ದೇ. ಚರಕನು ಬೆರಳಿಟ್ಟು ತೋರಿಸಿದ ಸ್ಥಳವೇ ಅದು. ಅವನಿಗೆ ಸೂಕ್ಷ್ಮದರ್ಶಕವಿರಲಿಲ್ಲ, ಗಂಧಕವನ್ನು ಅಳೆಯುವ ಯಂತ್ರವಿರಲಿಲ್ಲ. ರೋಗಿಯ ಬಾಯನ್ನು ಹತ್ತಿರದಿಂದ ನೋಡುವ ತಾಳ್ಮೆಯಿತ್ತು. ಪೂರ್ವಿಕರು ಎಲ್ಲವನ್ನೂ ತಿಳಿದಿದ್ದರೆಂದು ಬೀಗುವುದು ನನ್ನ ಉದ್ದೇಶವಲ್ಲ. ಅಡಿಕೆಯ ಅಪಾಯವನ್ನು ಅವರು ತಿಳಿಯಲಿಲ್ಲ, ತಿಥಿಯ ನಿಷೇಧಕ್ಕೆ ಹಲ್ಲಿನ ಆರೋಗ್ಯದ ಆಧಾರವೇನೂ ಇಲ್ಲ. ನಾಲಗೆಯ ವಿಷಯದಲ್ಲಿ ಮಾತ್ರ ಅವರು ಸರಿ ಕಂಡಿದ್ದರು, ಸರಿ ಹೇಳಿದ್ದರು. ಕೇಳಿಸಿಕೊಂಡವರು ಕರ್ಪೂರದ ಕಡೆಗೆ ತಿರುಗಿದರು.

ಇಂದು ಇದರಲ್ಲಿ ಉಳಿಸಿಕೊಳ್ಳಬೇಕಾದುದು ಯಾವುದು, ಬಿಡಬೇಕಾದುದು ಯಾವುದು ಎಂಬ ಪ್ರಶ್ನೆ ಮಲೆನಾಡಿಗೂ ಕರಾವಳಿಗೂ ಸುಲಭವಾದುದಲ್ಲ. ಶಿವಮೊಗ್ಗ, ಶಿರಸಿ, ಪುತ್ತೂರುಗಳ ಸುತ್ತಿನ ಸಾವಿರಾರು ಸಂಸಾರಗಳ ಅನ್ನವು ಅಡಿಕೆಯ ಮರದ ಮೇಲಿದೆ, ಅವರ ಬೆವರನ್ನು ಕಡೆಗಣಿಸಿ ಯಾರೂ ಮಾತಾಡಬಾರದು. ಆದರೂ ಮದುವೆಯ ಮನೆಯಲ್ಲಿ, ಹಬ್ಬದ ಊಟದ ತರುವಾಯ, ಮಕ್ಕಳ ಕೈಗೆ ತಟ್ಟೆ ಹೋಗುವಾಗ ಅಡಿಕೆ ಸುಣ್ಣಗಳನ್ನು ಬೇರೆ ತೆಗೆದಿಟ್ಟು, ಮೈಸೂರಿನ ಎಳೆಯ ಚಿಗುರೆಲೆಯಲ್ಲಿ ಏಲಕ್ಕಿಯನ್ನೂ ಲವಂಗವನ್ನೂ ಮಡಿಸಿ ಕೊಟ್ಟರೆ ಮರ್ಯಾದೆಗೆ ಯಾವ ಕೊರತೆಯೂ ಬಾರದು. ಅದಕ್ಕೆ ಮುಂಚೆ, ದಿನದ ಮೊದಲ ಕೆಲಸವಾಗಿ, ನಾಲಗೆಯ ಬುಡದವರೆಗೂ ಹೋಗಿ ಮೆಲ್ಲಗೆ ಮುಂದಕ್ಕೆ ಹೆರೆದು ತೊಳೆಯುವುದನ್ನು ಮಕ್ಕಳಿಗೆ ಮನೆಯಲ್ಲಿ ಕಲಿಸಬೇಕು. ಶಾಲೆಯ ಆರೋಗ್ಯಪಾಠದಲ್ಲಿ ಹಲ್ಲಿನ ಚಿತ್ರದ ಪಕ್ಕದಲ್ಲಿ ನಾಲಗೆಯ ಚಿತ್ರವನ್ನೂ ಬರೆಯಬೇಕು. ಇಷ್ಟಾದ ಮೇಲೂ ವಾಸನೆ ಉಳಿದರೆ, ಮನೆಯವರು ಅದನ್ನು ಮುಚ್ಚಿಡದೆ ಪ್ರೀತಿಯಿಂದ ತಿಳಿಸಿ ದಂತವೈದ್ಯರ ಬಳಿಗೆ ಕಳುಹಿಸಬೇಕು. ಒಸಡಿನ ರೋಗವನ್ನು ಯಾವ ಕರ್ಪೂರವೂ ವಾಸಿಮಾಡುವುದಿಲ್ಲ.